ಟಿಪ್ಟ್ರೀ ನೆರಳಿನಲ್ಲಿ ಉಳಿದ ರಕೂನಾ

ವಿಜ್ಞಾನ ಕಥೆಗಳ ಲೋಕದಲ್ಲಿ ಗುಪ್ತನಾಮಗಳ ಮಾತು ಬಂದಾಗಲೆಲ್ಲ ಜೇಮ್ಸ್ ಟಿಪ್ಟ್ರೀ ಜೂನಿಯರ್ ಪ್ರಸಂಗ ಬಂದೇ ಬರುತ್ತದೆ. ಎಂಟೊಂಬತ್ತು ವರ್ಷಗಳ ಕಾಲ ಗಂಡಸೆಂದೇ ಅಮೆರಿಕದ ಓದುಗರೂ ಸಂಪಾದಕರೂ ನಂಬಿದ್ದ ಆ ಲೇಖಕ ವಾಸ್ತವದಲ್ಲಿ ಆಲಿಸ್ ಶೆಲ್ಡನ್ ಎಂಬ ಅರವತ್ತು ದಾಟಿದ ಮಹಿಳೆ ಎಂಬ ಸಂಗತಿ ಬಯಲಾದದ್ದು, ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ರಾಬರ್ಟ್ ಸಿಲ್ವರ್‌ಬರ್ಗ್ ಅಂಥ ಹಿರಿಯ ಲೇಖಕರು ಟಿಪ್ಟ್ರೀ ಹೆಣ್ಣಾಗಿರಲು ಸಾಧ್ಯವೇ ಇಲ್ಲವೆಂದು ಮುನ್ನುಡಿಯಲ್ಲಿ ಬರೆದು ಸಿಕ್ಕಿಬಿದ್ದದ್ದು, ಇವೆಲ್ಲ ಮತ್ತೆ ಮತ್ತೆ ಹೇಳಲ್ಪಟ್ಟು ಒಂದು ದಂತಕಥೆಯ ರೂಪ ಪಡೆದಿವೆ. ಆ ಕಥೆ ಸ್ವಾರಸ್ಯಕರವಾಗಿದೆ, ನಿಜವೂ ಆಗಿದೆ. ಆದರೆ ಅದನ್ನು ಹೇಳುವ ಭರದಲ್ಲಿ ಒಂದು ಹೆಸರು ಪ್ರತಿ ಸಲವೂ ಅಡಿಟಿಪ್ಪಣಿಗೆ ಸರಿಯುತ್ತದೆ. ಶೆಲ್ಡನ್ ಅವರಿಗೆ ಇನ್ನೊಂದು ಗುಪ್ತನಾಮವಿತ್ತು, ರಕೂನಾ ಶೆಲ್ಡನ್. ಗಂಡಸಿನ ವೇಷದಲ್ಲಿ ಹೆಸರು ಮಾಡಿದ ಮೇಲೆ, ಆ ವೇಷ ಇನ್ನೂ ಭದ್ರವಾಗಿದ್ದಾಗಲೇ ಅವರು ಹೆಣ್ಣಿನ ವೇಷವೊಂದನ್ನೂ ತೊಟ್ಟರು. ಹೆಣ್ಣಾಗಿದ್ದವರು ಹೆಣ್ಣಿನ ವೇಷವನ್ನೇಕೆ ತೊಡಬೇಕಾಯಿತು ಎಂಬ ಪ್ರಶ್ನೆ, ಸಿಲ್ವರ್‌ಬರ್ಗ್ ಅವರ ಮುಖಭಂಗಕ್ಕಿಂತ ಹೆಚ್ಚು ಕಾಲ ನನ್ನನ್ನು ಹಿಡಿದಿಟ್ಟಿದೆ.

ಮೊದಲ ಹೆಸರು ಹುಟ್ಟಿದ ಬಗೆ ಬಹುತೇಕ ತಮಾಷೆಯದು. 1967ರಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಪ್ರಾಯೋಗಿಕ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಶೆಲ್ಡನ್, ಆ ಹೊತ್ತಿನ ಒತ್ತಡದಿಂದ ಬಿಡುವು ಪಡೆಯಲೆಂದು ಕೆಲವು ವಿಜ್ಞಾನ ಕಥೆಗಳನ್ನು ಬರೆದರು. ಪ್ರಾಣಿಗಳು ಬೇರೆ ಬೇರೆ ಪರಿಸರಗಳಲ್ಲಿ ಹೊಸ ವಸ್ತುಗಳಿಗೆ ಹೇಗೆ ಪ್ರತಿಕ್ರಿಯಿಸುತ್ತವೆ ಎಂಬುದರ ಮೇಲೆ ಮಹಾಪ್ರಬಂಧ ಬರೆದ ವಿದ್ವಾಂಸೆ, ಅಗ್ಗದ ಕಾಗದದ ಮಾಸಪತ್ರಿಕೆಗಳಲ್ಲಿ ಅನ್ಯಗ್ರಹವಾಸಿಗಳ ಕಥೆ ಬರೆಯುತ್ತಾರೆಂದರೆ ಸಹೋದ್ಯೋಗಿಗಳು ಏನೆಂದುಕೊಂಡಾರು? ಅಂಗಡಿಯಲ್ಲಿ ಕಂಡ ಟಿಪ್ಟ್ರೀ ಎಂಬ ಇಂಗ್ಲಿಷ್ ಮಾರ್ಮಲೇಡ್ ಜಾಡಿಯ ಮೇಲಿನ ಹೆಸರನ್ನು ಅವರು ಎತ್ತಿಕೊಂಡರು. ಕೊನೆಯ ಜೂನಿಯರ್ ಎಂಬುದನ್ನು ಸೇರಿಸಿದವರು ಅವರ ಪತಿ ಹಂಟಿಂಗ್ಟನ್ ಶೆಲ್ಡನ್. ಸಂಪಾದಕರು ತಿರಸ್ಕರಿಸಿದರೂ ಆಮೇಲೆ ನೆನಪಿನಲ್ಲಿ ಉಳಿಯದಂಥ ಸಪ್ಪೆ ಹೆಸರೊಂದು ಬೇಕಿತ್ತು ಎಂದು ಆಲಿಸ್ ಮುಂದೆ ಹೇಳಿಕೊಂಡರು. ಅವರ ಲೆಕ್ಕ ತಲೆಕೆಳಗಾಯಿತು. ಕಥೆಗಳು ಮಾರಾಟವಾದವು. 1968ರ ಮಾರ್ಚ್ ತಿಂಗಳ ಅನಲಾಗ್ ಪತ್ರಿಕೆಯಲ್ಲಿ ಟಿಪ್ಟ್ರೀ ಹೆಸರಿನ ಮೊದಲ ಕಥೆ ಅಚ್ಚಾಯಿತು, ಮತ್ತು ಒಮ್ಮೆ ಬಳಸಿ ಬಿಸಾಡಬೇಕೆಂದಿದ್ದ ಹೆಸರು ಅವರ ಹೆಗಲೇರಿ ಕುಳಿತಿತು.

ಗಂಡಸಿನ ಹೆಸರೇ ಯಾಕೆ ಎಂಬುದಕ್ಕೂ ಅವರ ಬಳಿ ಉತ್ತರವಿತ್ತು. ಗಂಡಸಾದರೆ ಯಾರ ಗಮನಕ್ಕೂ ಬೀಳದೆ ನುಸುಳಿಹೋಗಬಹುದು, ಒಂದಿಲ್ಲೊಂದು ಕೆಲಸದಲ್ಲಿ ಮೊದಲ ಮಹಿಳೆಯಾಗಿ ಇದ್ದು ಇದ್ದು ಸಾಕಾಗಿದೆ ಎಂಬರ್ಥದ ಮಾತನ್ನು 1983ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಆಡಿದರು. ಇದು ಬಾಯಿಮಾತಲ್ಲ. 1915ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಆಲಿಸ್, ಆರನೆಯ ವಯಸ್ಸಿನಲ್ಲೇ ತಂದೆತಾಯಿಯರೊಡನೆ ಅನ್ವೇಷಕ ಕಾರ್ಲ್ ಏಕ್ಲಿಯವರ ತಂಡದಲ್ಲಿ ಆಫ್ರಿಕಾದ ಗೊರಿಲ್ಲಾ ಕಾಡುಗಳಿಗೆ ಹೋಗಿಬಂದವರು. ತಾಯಿ ಮೇರಿ ಹೇಸ್ಟಿಂಗ್ಸ್ ಬ್ರಾಡ್ಲಿ ಆ ಪ್ರವಾಸಗಳ ಬಗ್ಗೆ ಪುಸ್ತಕಗಳನ್ನು ಬರೆದರು. 1927ರಲ್ಲಿ ಬಂದ ಒಂದು ಮಕ್ಕಳ ಪುಸ್ತಕದ ಶೀರ್ಷಿಕೆಯಲ್ಲೇ ಮಗಳ ಹೆಸರಿತ್ತು. ಅಂದರೆ ತನ್ನ ನಿಜನಾಮ ಬೇರೊಬ್ಬರ ಪುಸ್ತಕದ ಪಾತ್ರವಾಗಿ ಅಂಗಡಿಯಲ್ಲಿ ಮಾರಾಟವಾಗುವುದನ್ನು ಅವರು ಹನ್ನೆರಡು ತುಂಬುವಷ್ಟರಲ್ಲಿ ನೋಡಿದ್ದರು. 1942ರಲ್ಲಿ ಸೈನ್ಯದ ಮಹಿಳಾ ದಳ ಸೇರಿ, ವಿಮಾನದಿಂದ ತೆಗೆದ ಛಾಯಾಚಿತ್ರಗಳನ್ನು ಓದುವ ಬೇಹುಗಾರಿಕೆಯ ಕೆಲಸ ಕಲಿತರು. 1952ರಿಂದ 1955ರವರೆಗೆ ಸಿಐಎ ಸಂಸ್ಥೆಯಲ್ಲಿದ್ದರು. ಆ ಕೆಲಸ ಬಿಟ್ಟಾಗ ಪತಿಗೂ ತಿಳಿಸದೆ ಸ್ವಲ್ಪ ಕಾಲ ಕಣ್ಮರೆಯಾಗಿ, ಅಲ್ಲಿ ಕಲಿತ ವಿದ್ಯೆಯಿಂದಲೇ ಒಂದು ದಿನದೊಳಗೆ ಹೊಸ ಹೆಸರು, ಹೊಸ ಬ್ಯಾಂಕ್ ಖಾತೆ, ಬಾಡಿಗೆ ಮನೆ ಎಲ್ಲವನ್ನೂ ಮಾಡಿಕೊಂಡು ನಿಜವಾಗಿಯೂ ಬೇರೊಬ್ಬಳಾಗಿಬಿಟ್ಟಿದ್ದೆ ಎಂದು ಅವರೇ ಹೇಳಿದ್ದಾರೆ. ಹೀಗಾಗಿ ಟಿಪ್ಟ್ರೀ ಎಂಬುದು ಅವರ ಮೊದಲ ಸುಳ್ಳು ಹೆಸರೇನಲ್ಲ.

ಇದನ್ನು ಆ ಕ್ಷೇತ್ರದ ಇತರ ಗುಪ್ತನಾಮಗಳ ಪಕ್ಕದಲ್ಲಿಟ್ಟು ನೋಡಬೇಕು. ವಿಜ್ಞಾನ ಕಥೆಯ ಪತ್ರಿಕೆಗಳಲ್ಲಿ ಬೇರೆ ಹೆಸರಿನಿಂದ ಬರೆಯುವುದು ಬಹುಪಾಲು ವ್ಯಾಪಾರದ ವ್ಯವಹಾರವಾಗಿತ್ತು. 1941ರ ಮೇ ತಿಂಗಳ ಅಸ್ಟೌಂಡಿಂಗ್ ಸಂಚಿಕೆಯಲ್ಲಿ ರಾಬರ್ಟ್ ಹೈನ್‌ಲೈನ್ ಅವರ ಎರಡು ಕಥೆಗಳಿದ್ದವು. ಒಂದಕ್ಕೆ ಅವರ ಹೆಸರಿತ್ತು, ಇನ್ನೊಂದಕ್ಕೆ ಆನ್ಸನ್ ಮೆಕ್‌ಡೊನಾಲ್ಡ್ ಎಂಬ ಹೆಸರಿತ್ತು. ಒಂದೇ ಸಂಚಿಕೆಯಲ್ಲಿ ಒಬ್ಬರದೇ ಹೆಸರು ಎರಡು ಸಲ ಕಾಣಬಾರದು ಎಂಬುದಷ್ಟೇ ಅಲ್ಲಿನ ತರ್ಕ. ಹೆನ್ರಿ ಕಟ್ನರ್ ಮತ್ತು ಸಿ. ಎಲ್. ಮೂರ್ ದಂಪತಿ ಲೂಯಿಸ್ ಪ್ಯಾಜೆಟ್ ಎಂಬ ಒಂದೇ ಹೆಸರಿನಡಿ ಕೂಡಿ ಬರೆದರು. ಆ ಮೂರ್ ತಮ್ಮ ಕ್ಯಾಥರೀನ್ ಎಂಬ ಹೆಸರನ್ನು ಮೊದಲಕ್ಷರಗಳ ಹಿಂದೆ ಅಡಗಿಸಿದ್ದು ಹೆಣ್ಣೆಂದು ಗೊತ್ತಾಗಬಾರದೆಂದಲ್ಲ, ತಾವು ಕೆಲಸ ಮಾಡುತ್ತಿದ್ದ ಬ್ಯಾಂಕಿನವರಿಗೆ ಇನ್ನೊಂದು ಆದಾಯದ ಸುಳಿವು ಸಿಗಬಾರದೆಂದು. ಕಟ್ನರ್ ಆದರೋ ಆಕೆಯನ್ನು ಗಂಡಸೆಂದುಕೊಂಡೇ ಮೊದಲ ಅಭಿಮಾನಿ ಪತ್ರ ಬರೆದಿದ್ದರು. ಕಾರ್ಡ್‌ವೇನರ್ ಸ್ಮಿತ್ ಎಂಬ ಹೆಸರಿನ ಹಿಂದಿದ್ದ ಪಾಲ್ ಲೈನ್‌ಬಾರ್ಗರ್ ಅವರಿಗೆ ಮಾನಸಿಕ ಯುದ್ಧತಂತ್ರದ ಪರಿಣತನೆಂಬ ವೃತ್ತಿಗೌರವವನ್ನು ಕಥೆಗಾರಿಕೆಯಿಂದ ಬೇರೆಯಾಗಿಡಬೇಕಿತ್ತು. ಈ ಎಲ್ಲ ಹೆಸರುಗಳೂ ಮನೆಯ ಹಿಂಬಾಗಿಲಿನಂತೆ: ಒಳಗೆ ಹೋಗಲು ಹೊರಗೆ ಬರಲು ಅನುಕೂಲ, ಆದರೆ ಅಲ್ಲಿ ಯಾರೂ ವಾಸವಾಗಿರುವುದಿಲ್ಲ. ಟಿಪ್ಟ್ರೀ ವಿಷಯದಲ್ಲಿ ಆದದ್ದು ಬೇರೆ.

ವರ್ಜೀನಿಯಾದ ಮೆಕ್‌ಲೀನ್ ಊರಿನ ಅಂಚೆ ಪೆಟ್ಟಿಗೆ ಸಂಖ್ಯೆಯೊಂದರಿಂದ ಟಿಪ್ಟ್ರೀ ಪತ್ರ ಬರೆಯುತ್ತಿದ್ದ. ಅದೆಂಥ ಪತ್ರಗಳು! ಉರ್ಸುಲಾ ಲೆ ಗ್ವಿನ್, ಜೋಆನಾ ರಸ್, ಹಾರ್ಲನ್ ಎಲಿಸನ್ ಅಂಥ ವಿಜ್ಞಾನ ಕಥೆಗಾರರು, ಹೊಸ ಸಂಪಾದಕರು, ಅಭಿಮಾನಿಗಳು, ಹೀಗೆ ಎಲ್ಲರೊಡನೆಯೂ ಸಲಿಗೆ, ಹಾಸ್ಯ, ತುಸು ಚೆಲ್ಲಾಟ ಬೆರೆತ ಪತ್ರವ್ಯವಹಾರ. ಆಫ್ರಿಕಾದ ಬಾಲ್ಯ, ಯುದ್ಧಕಾಲದ ಸೈನ್ಯ, ಸರ್ಕಾರಿ ಕೆಲಸದ ಮಸುಕಾದ ಉಲ್ಲೇಖಗಳು ಎಲ್ಲವೂ ನಿಜ. ಅವನ್ನು ಗಂಡಸಿನ ಸಹಿಯ ಮೇಲೆ ಓದಿದವರಿಗೆ ಬೇಟೆಗಾರ, ಸೈನಿಕ, ಗೂಢಚಾರ ಎಂಬ ಚಿತ್ರ ತಾನಾಗಿಯೇ ಮೂಡುತ್ತಿತ್ತು. ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ, ಓದುವವರೇ ಆ ಕೆಲಸವನ್ನು ಮಾಡಿಕೊಂಡರು. ಈಗಿನ ಒಳ್ಳೆಯ ಹೊಸ ಲೇಖಕರೆಲ್ಲ ಹೆಚ್ಚುಕಡಿಮೆ ಹೆಣ್ಣುಮಕ್ಕಳೇ, ಟಿಪ್ಟ್ರೀ ಒಬ್ಬನನ್ನು ಬಿಟ್ಟು ಎಂದು ಹಿರಿಯ ಕಥೆಗಾರ ಥಿಯಡೋರ್ ಸ್ಟರ್ಜನ್ ಹೇಳಿದ್ದು ಈ ಕಾಲದಲ್ಲೇ. 1975ರ ಕಥಾಸಂಕಲನವೊಂದಕ್ಕೆ ಮುನ್ನುಡಿ ಬರೆದ ಸಿಲ್ವರ್‌ಬರ್ಗ್, ಟಿಪ್ಟ್ರೀ ಹೆಣ್ಣಿರಬಹುದೆಂಬ ಊಹೆ ಅಸಂಬದ್ಧ, ಆ ಬರವಣಿಗೆಯಲ್ಲಿ ಅಲ್ಲಗಳೆಯಲಾಗದ ಗಂಡಸುತನವಿದೆ ಎಂದು ಬರೆದು ಹೆಮಿಂಗ್‌ವೇಗೆ ಹೋಲಿಸಿದರು. ಅವರನ್ನು ಹಾಸ್ಯ ಮಾಡುವುದು ಸುಲಭ. ಆದರೆ ವಿಷಯ ತಿಳಿದ ಮೇಲೆ, ತಾವು ಮೋಸಹೋದದ್ದನ್ನೂ ಬರಹದಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂಬ ಕಲ್ಪನೆಯೇ ಪ್ರಶ್ನೆಗೆ ಒಳಗಾದದ್ದನ್ನೂ ಅವರು ಅಚ್ಚಿನಲ್ಲೇ ಒಪ್ಪಿಕೊಂಡರು ಎಂಬುದನ್ನು ಹಾಸ್ಯ ಮಾಡುವವರು ಹೇಳುವುದಿಲ್ಲ.

ನನಗೆ ಮುಖ್ಯವೆನಿಸುವುದು ಬೇರೊಂದು ಘಟನೆ. 1970ರ ದಶಕದ ನಡುವಿನಲ್ಲಿ ಜೆಫ್ರಿ ಸ್ಮಿತ್ ತಮ್ಮ ಖತ್ರು ಎಂಬ ಕಿರುಪತ್ರಿಕೆಗಾಗಿ ವಿಜ್ಞಾನ ಕಥೆ ಮತ್ತು ಮಹಿಳೆಯರು ಎಂಬ ವಿಷಯದ ಮೇಲೆ ಪತ್ರಗಳ ಮೂಲಕ ಒಂದು ಚರ್ಚೆ ನಡೆಸಿದರು. ರಸ್, ಲೆ ಗ್ವಿನ್, ವೊಂಡಾ ಮೆಕಿಂಟೈರ್ ಮೊದಲಾದವರಿದ್ದ ಆ ಗೋಷ್ಠಿಯಲ್ಲಿ ಗಂಡು ಪ್ರತಿನಿಧಿಗಳಾಗಿ ಸ್ಯಾಮ್ಯುಯೆಲ್ ಡಿಲೇನಿ ಮತ್ತು ಟಿಪ್ಟ್ರೀ ಇದ್ದರು. ಟಿಪ್ಟ್ರೀ ತಾಯ್ತನದ ಬಗ್ಗೆ, ಹೆಣ್ಣಿನ ಬದುಕಿನ ಬಗ್ಗೆ ಬರೆದದ್ದು ಅಲ್ಲಿದ್ದ ಮಹಿಳೆಯರಿಗೆ ರುಚಿಸಲಿಲ್ಲ. ಗಂಡಸೊಬ್ಬ ನಮಗೆ ನಮ್ಮ ಬಗ್ಗೆ ಪಾಠ ಹೇಳುವುದೇನು ಎಂಬ ಸಿಟ್ಟಿನಿಂದ, ಚರ್ಚೆಯನ್ನು ಬಿಟ್ಟುಹೋಗುವಂತೆ ಅವನನ್ನು ಕೇಳಿಕೊಂಡರು. ಆ ಸಿಟ್ಟು ಅನ್ಯಾಯದ್ದೆಂದು ನಾನು ಹೇಳಲಾರೆ. ಕಣ್ಣೆದುರಿಗಿದ್ದ ಸಹಿಯನ್ನು ನೋಡಿ ಅವರು ತೀರ್ಮಾನಿಸಿದರು. ಆದರೆ ಮೆಕ್‌ಲೀನ್‌ನಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತಿದ್ದ ವ್ಯಕ್ತಿಯ ಪಾಡನ್ನು ಯೋಚಿಸಿ ನೋಡಿ. ಗಂಡಸಿನ ಹೆಸರು ತಂದುಕೊಟ್ಟ ಗೌರವದ ಬೆಲೆ ಇದು: ತನ್ನದೇ ಅನುಭವವನ್ನು ತನ್ನ ಅನುಭವವೆಂದು ಹೇಳುವ ಹಕ್ಕು ಹೋಗಿತ್ತು.

ರಕೂನಾ ಶೆಲ್ಡನ್ ಎಂಬ ಹೆಸರು ಅಚ್ಚಿಗೆ ಬಂದದ್ದು ಹೆಚ್ಚುಕಡಿಮೆ ಇದೇ ವೇಳೆಗೆ, 1974ರಲ್ಲಿ. ಈಕೆ ವಿಸ್ಕಾನ್ಸಿನ್ ಕಡೆಯವಳು. ಟಿಪ್ಟ್ರೀಯೇ ತನ್ನ ಪತ್ರಗಳಲ್ಲಿ ಹಳೆಯ ಪರಿಚಯದವಳೆಂದು ಈಕೆಯ ಬಗ್ಗೆ ಒಳ್ಳೆಯ ಮಾತು ಹೇಳುತ್ತಿದ್ದ. ಒಬ್ಬರೇ ಬರೆದ ಕಥೆಗಳು, ಒಂದು ಹೆಸರಿಗೆ ಇನ್ನೊಂದು ಹೆಸರಿನ ಶಿಫಾರಸು. ಹೆಸರಿನ ಕೊನೆಯಲ್ಲಿ ತನ್ನ ನಿಜವಾದ ಮನೆತನದ ಹೆಸರನ್ನೇ ಇಟ್ಟದ್ದನ್ನು ಗಮನಿಸಬೇಕು. ಸುಳಿವು ಬಿಡಬಾರದೆಂದು ಇಷ್ಟೆಲ್ಲ ಎಚ್ಚರ ವಹಿಸಿದ, ಬೇಹುಗಾರಿಕೆ ಬಲ್ಲ ವ್ಯಕ್ತಿ ಇಂಥ ಸುಳಿವನ್ನು ಅರಿಯದೆ ಬಿಟ್ಟಿರಲಾರರು. ಸಿಕ್ಕಿಬೀಳಬೇಕೆಂಬ ಬಯಕೆ ಎಲ್ಲೋ ಇತ್ತೆಂದು ನನ್ನ ಅನಿಸಿಕೆ.

ಎರಡು ಹೆಸರುಗಳ ನಡುವಿನ ವ್ಯತ್ಯಾಸ ಬರಿಯ ಲಿಂಗದ್ದಲ್ಲ, ಕಥೆ ಯಾರ ಕಣ್ಣಿನಿಂದ ಕಾಣುತ್ತದೆ ಎಂಬುದರದು. ಇದನ್ನು ಪರೀಕ್ಷಿಸಲು ನಮಗೊಂದು ಅಪರೂಪದ ಅವಕಾಶವೂ ಇದೆ. 1976ರಲ್ಲಿ ವೊಂಡಾ ಮೆಕಿಂಟೈರ್ ಮತ್ತು ಸೂಸನ್ ಆಂಡರ್ಸನ್ ಸಂಪಾದಿಸಿದ ಅರೋರಾ: ಬಿಯಾಂಡ್ ಈಕ್ವಾಲಿಟಿ ಎಂಬ ಸಂಕಲನದಲ್ಲಿ ಟಿಪ್ಟ್ರೀ ಹೆಸರಿನ ಒಂದು ಕಥೆಯೂ ರಕೂನಾ ಹೆಸರಿನ ಒಂದು ಕಥೆಯೂ ಒಟ್ಟಿಗೆ ಬಂದಿವೆ. ಎರಡರ ಬೀಜವೂ ಒಂದೇ: ಗಂಡಸರಿಲ್ಲದ ಜಗತ್ತು.

ಟಿಪ್ಟ್ರೀ ಕಥೆ ಹ್ಯೂಸ್ಟನ್, ಹ್ಯೂಸ್ಟನ್, ಡು ಯು ರೀಡ್? ಎಂಬುದರಲ್ಲಿ ಮೂವರು ಗಗನಯಾತ್ರಿಗಳು ಸೂರ್ಯನ ಬಳಿ ಸಾಗುವಾಗ ಕಾಲದಲ್ಲಿ ಮುಂದಕ್ಕೆ ಎಸೆಯಲ್ಪಡುತ್ತಾರೆ. ಅವರನ್ನು ಕಾಪಾಡಲು ಬರುವ ನೌಕೆಯ ತುಂಬ ಹೆಂಗಸರು. ಭೂಮಿಯಲ್ಲಿ ಗಂಡಸರು ಅಳಿದು ಬಹಳ ಕಾಲವಾಗಿದೆ ಎಂಬುದು ಓದುಗರಿಗೂ ಆ ಮೂವರಿಗೂ ಮೆಲ್ಲಗೆ ತಿಳಿಯುತ್ತದೆ. ಇದನ್ನೆಲ್ಲ ನಾವು ನೋಡುವುದು ಲಾರಿಮರ್ ಎಂಬ ವಿಜ್ಞಾನಿಯ ಕಣ್ಣಿನಿಂದ. ಅವನು ಕೆಟ್ಟವನಲ್ಲ, ಇನ್ನಿಬ್ಬರು ಗಂಡಸರಿಗಿಂತ ಮೆತ್ತನೆಯವನು, ಬಾಲ್ಯದಲ್ಲಿ ಹುಡುಗರಿಂದ ಅವಮಾನ ಉಂಡವನು. ಆದರೂ ಆ ಹೆಂಗಸರ ಶಾಂತ, ಕುತೂಹಲದ ಮುಖಗಳು ಅವನಿಗೆ ಕೊನೆಯವರೆಗೂ ಅರ್ಥವಾಗುವುದಿಲ್ಲ. ಹೆಂಗಸರ ಮನಸ್ಸು ಕಥೆಯಲ್ಲಿ ಎಲ್ಲೂ ಒಳಗಿನಿಂದ ತೆರೆದುಕೊಳ್ಳುವುದಿಲ್ಲ.

ರಕೂನಾ ಕಥೆಯ ನಾಯಕಿ ರಾತ್ರಿ ಹೊತ್ತು ಷಿಕಾಗೋದ ಬೀದಿಗಳಲ್ಲಿ ನಡೆಯುತ್ತಿರುವ ತರುಣಿ. ತಾನು ಗಂಡಸರಿಲ್ಲದ ಭವಿಷ್ಯದ ಭೂಮಿಯಲ್ಲಿ ಪತ್ರಗಳನ್ನು ಹೊತ್ತೊಯ್ಯುವ ದೂತೆಯೆಂದು ಅವಳ ನಂಬಿಕೆ. ಹಾಳುಬಿದ್ದ ಹಳೆಯ ನಗರದಲ್ಲಿ ಎದುರಾಗುವವರೆಲ್ಲ ಅವಳಿಗೆ ಅಕ್ಕತಂಗಿಯರು. ನಡುನಡುವೆ ಬೇರೆಯವರ ಮಾತುಗಳು ಬರುತ್ತವೆ, ಅವಳನ್ನು ದಾರಿಯಲ್ಲಿ ಕಂಡವರದು, ಪೊಲೀಸರದು, ಮನೆಯವರದು. ಅವುಗಳಿಂದ ನಮಗೆ ತಿಳಿಯುವುದೇನೆಂದರೆ ಅವಳಿರುವುದು ನಮ್ಮದೇ ಕಾಲದ ನಗರದಲ್ಲಿ, ಅವಳು ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು ಮನೆಯಿಂದ ಹೊರಟವಳು, ಮತ್ತು ಅವಳ ಹಿಂದೆ ಬರುತ್ತಿರುವವರು ಅಕ್ಕತಂಗಿಯರಲ್ಲ. ಟಿಪ್ಟ್ರೀ ಕಥೆಯಲ್ಲಿ ಗಂಡಸರಿಲ್ಲದ ಲೋಕ ತರ್ಕಬದ್ಧ ಕಲ್ಪನೆ, ಒಂದು ಪ್ರಯೋಗ. ರಕೂನಾ ಕಥೆಯಲ್ಲಿ ಅದೇ ಲೋಕ ಒಬ್ಬ ಹೆಣ್ಣಿನ ತಲೆಯೊಳಗೆ ಮಾತ್ರ ಇದ್ದು, ನಾವು ಆ ತಲೆಯೊಳಗೇ ಕುಳಿತು ಅದು ಒಡೆಯುವುದನ್ನು ಕಾಣುತ್ತೇವೆ. ಮೊದಲನೆಯದಕ್ಕೆ ವಿಜ್ಞಾನ ಕಥೆಗಳ ಎರಡು ದೊಡ್ಡ ಗೌರವಗಳಾದ ನೆಬ್ಯುಲಾ ಪ್ರಶಸ್ತಿಯೂ 1977ರ ಹ್ಯೂಗೋ ಪ್ರಶಸ್ತಿಯೂ ಬಂದವು. (ಹ್ಯೂಗೋವನ್ನು ಅದರೊಡನೆ ಸಮವಾಗಿ ಹಂಚಿಕೊಂಡ ಸ್ಪೈಡರ್ ರಾಬಿನ್ಸನ್ ಅವರ ಕಥೆಯ ಹೆಸರು ಬೈ ಎನಿ ಅದರ್ ನೇಮ್, ಅಂದರೆ ಬೇರೆ ಯಾವ ಹೆಸರಿನಿಂದಲಾದರೂ. ಇಂಥದನ್ನು ಕಲ್ಪಿಸಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ.) ಎರಡನೆಯದು ಅಷ್ಟು ಹೆಸರು ಮಾಡಲಿಲ್ಲ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಎರಡನೆಯದನ್ನು ಉಳಿಸಿಕೊಂಡೇನು.

ಟಿಪ್ಟ್ರೀ ಹೆಸರಿನ ಕಥೆಗಳಲ್ಲಿ ಗಂಡಿನ ಕಣ್ಣು ಹೀಗೆ ಮತ್ತೆ ಮತ್ತೆ ಬರುತ್ತದೆ. 1973ರ ದಿ ವಿಮೆನ್ ಮೆನ್ ಡೋಂಟ್ ಸೀ ಕಥೆಯನ್ನು ಹೇಳುವವನು ಡಾನ್ ಫೆಂಟನ್. ಮೆಕ್ಸಿಕೋದ ಕರಾವಳಿಯಲ್ಲಿ ವಿಮಾನ ಬಿದ್ದಾಗ ಜೊತೆಗಿದ್ದ ತಾಯಿಮಗಳನ್ನು ಅವನು ನೋಡುತ್ತಲೇ ಇರುತ್ತಾನೆ, ಆದರೆ ಅವರು ಈ ಲೋಕವನ್ನೇ ಬಿಟ್ಟು ಅನ್ಯಗ್ರಹವಾಸಿಗಳೊಡನೆ ಹೊರಡಲು ನಿಂತದ್ದು ಯಾಕೆಂಬುದು ಅವನಿಗೆ ಹೊಳೆಯುವುದೇ ಇಲ್ಲ. ಈ ಕಥೆಗೆ ನೆಬ್ಯುಲಾ ನಾಮನಿರ್ದೇಶನ ಬಂದಾಗ ಶೆಲ್ಡನ್ ಅದನ್ನು ಹಿಂತೆಗೆದುಕೊಂಡರು. ಹೆಣ್ಣನ್ನು ಇಷ್ಟು ಚೆನ್ನಾಗಿ ಅರಿತ ಗಂಡಸು ಎಂಬ ಮೆಚ್ಚುಗೆಯ ಮೇಲೆ ಮತಗಳು ಬರುವುದಾದರೆ ಅದು ಸುಳ್ಳಿನ ಗಳಿಕೆಯಾದೀತು ಎಂಬುದು ಅವರ ಅಳುಕು. ಗಂಡಿನ ಕಣ್ಣಿನ ಬಗ್ಗೆ ಹೇಳಿದ ಮಾತಿಗೆ ಅಪವಾದಗಳಿಲ್ಲವೆಂದಲ್ಲ. ದಿ ಗರ್ಲ್ ಹೂ ವಾಸ್ ಪ್ಲಗ್ಡ್ ಇನ್ ಕಥೆಯ ನಾಯಕಿ ಪಿ. ಬರ್ಕ್‌ಳ ಸಂಕಟ ಯಾವ ರಕೂನಾ ಕಥೆಗೂ ಕಡಿಮೆಯದಲ್ಲ. ಆದರೆ ಅಲ್ಲಿಯೂ ಅದನ್ನು ಹೇಳುವ ದನಿ ಓದುಗನ ಹೆಗಲ ಮೇಲೆ ಕೈಹಾಕಿ ಗೇಲಿ ಮಾಡುತ್ತ ಸಾಗುವ ದನಿ, ಅವಳದಲ್ಲ.

1976ರಲ್ಲಿ ಟಿಪ್ಟ್ರೀ ತನ್ನ ತಾಯಿ ಷಿಕಾಗೋದಲ್ಲಿ ತೀರಿಕೊಂಡರೆಂದೂ ಆಕೆ ಅನ್ವೇಷಕಿಯಾಗಿದ್ದರೆಂದೂ ಪತ್ರದಲ್ಲಿ ಬರೆದ. ಪತ್ರಿಕೆಯ ನಿಧನವಾರ್ತೆಯಲ್ಲಿ ಮೇರಿ ಬ್ರಾಡ್ಲಿಯವರಿಗಿದ್ದ ಒಬ್ಬಳೇ ಮಗಳ ಹೆಸರು ಸಿಕ್ಕಿತು. ಜೆಫ್ರಿ ಸ್ಮಿತ್ ಕೇಳಿದರು, ಶೆಲ್ಡನ್ ಒಪ್ಪಿಕೊಂಡರು. ಲೆ ಗ್ವಿನ್ ಅವರಿಗೆ ಬರೆದ ಪತ್ರದಲ್ಲಿ, ಸಹಿಯೊಂದನ್ನು ಬಿಟ್ಟರೆ ತಾನು ಬರೆದದ್ದೆಲ್ಲ ಅಪ್ಪಟ ನಿಜವೆಂದೂ, ತಾನು 61 ವರ್ಷದ ಹೆಂಗಸೆಂದೂ ತಿಳಿಸಿ, ಸ್ನೇಹ ಉಳಿದೀತೇ ಎಂಬ ಆತಂಕ ತೋಡಿಕೊಂಡರು. ಲೆ ಗ್ವಿನ್ ಸಂತೋಷದಿಂದಲೇ ಉತ್ತರಿಸಿದರು. ಎಲ್ಲರೂ ಹಾಗಿರಲಿಲ್ಲ. ಅಭಿಮಾನಿಗಳೆಂದು ಹೇಳಿಕೊಳ್ಳುತ್ತಿದ್ದ ಕೆಲವು ಗಂಡು ಲೇಖಕರ ದನಿಯಲ್ಲಿ ಇದ್ದಕ್ಕಿದ್ದಂತೆ ಹಿರಿತನದ ಧೋರಣೆ ಬಂತೆಂದು ಶೆಲ್ಡನ್ ಆಮೇಲೆ ಬರೆದರು. ಆದರೆ ದೊಡ್ಡ ನಷ್ಟ ಒಳಗಿನದು. ತನ್ನ ಗುಟ್ಟಿನ ಲೋಕಕ್ಕೆ ಯಾರೋ ನುಗ್ಗಿದಂತಾಯಿತು, ಹಲವರನ್ನು ಸೆಳೆದಿದ್ದ ಟಿಪ್ಟ್ರೀ ವರ್ಜೀನಿಯಾದ ಒಬ್ಬ ಮುದುಕಿ ಮಾತ್ರ ಎಂದಾಯಿತು ಎಂಬ ಅವರ ಮಾತಿನಲ್ಲಿ ವ್ಯಂಗ್ಯಕ್ಕಿಂತ ದುಃಖವೇ ಹೆಚ್ಚು. ಆಮೇಲೂ ಅವರು ಬರೆದರು, ಟಿಪ್ಟ್ರೀ ಹೆಸರಿನಲ್ಲೇ ಎರಡು ಕಾದಂಬರಿಗಳು ಬಂದವು. ಆದರೆ ಮೊದಲ ಎಂಟು ವರ್ಷಗಳ ಆ ಓಟ, ಆ ಧಾರ್ಷ್ಟ್ಯ ಮತ್ತೆ ಅಷ್ಟು ನಿರಂತರವಾಗಿ ಕಾಣಲಿಲ್ಲ ಎಂಬುದು ನನ್ನ ಓದು.

ರಕೂನಾ ಹೆಸರಿನ ಅತ್ಯಂತ ಪ್ರಸಿದ್ಧ ಕಥೆ ದಿ ಸ್ಕ್ರೂಫ್ಲೈ ಸೊಲ್ಯೂಷನ್ ಅಚ್ಚಾದದ್ದು ಗುಟ್ಟು ರಟ್ಟಾದ ಮೇಲೆ, 1977ರ ಜೂನ್ ತಿಂಗಳ ಅನಲಾಗ್‌ನಲ್ಲಿ. ಅದರ ಹಿಂದೆ ನಿಜವಾದ ವಿಜ್ಞಾನವಿದೆ. ದನಕರುಗಳ ಗಾಯದಲ್ಲಿ ಮೊಟ್ಟೆಯಿಟ್ಟು ಅವುಗಳನ್ನು ಜೀವಂತ ತಿನ್ನುವ ಸ್ಕ್ರೂವರ್ಮ್ ನೊಣವನ್ನು ಅಮೆರಿಕದ ವಿಜ್ಞಾನಿಗಳು ವಿಕಿರಣದಿಂದ ಬಂಜೆಯಾಗಿಸಿದ ಗಂಡುನೊಣಗಳನ್ನು ರಾಶಿರಾಶಿಯಾಗಿ ಹಾರಿಬಿಟ್ಟು 1954ರಲ್ಲಿ ಕ್ಯುರಸಾವ್ ದ್ವೀಪದಿಂದ ನಿರ್ಮೂಲ ಮಾಡಿದ್ದರು; ಹೆಣ್ಣುನೊಣ ಒಮ್ಮೆ ಮಾತ್ರ ಕೂಡುವುದರಿಂದ ಆ ಒಂದು ಕೂಟ ವ್ಯರ್ಥವಾದರೆ ಸಂತಾನವೇ ನಿಲ್ಲುತ್ತದೆ. ಕೀಟವನ್ನು ಕೊಲ್ಲಬೇಕಿಲ್ಲ, ಅದರ ಸಂತಾನಚಕ್ರದ ದುರ್ಬಲ ಕೊಂಡಿಯನ್ನು ಮುರಿದರೆ ಸಾಕು. ಈ ವಿಧಾನವನ್ನು ಯಾರೋ ಮನುಷ್ಯರ ಮೇಲೆಯೇ ಬಳಸಿದರೆ? ಕಥೆಯ ಆಲನ್ ಕೊಲಂಬಿಯಾದಲ್ಲಿ ಕೀಟನಿಯಂತ್ರಣದ ಕೆಲಸದಲ್ಲಿರುವ ವಿಜ್ಞಾನಿ. ಗಂಡಸರಲ್ಲಿ ಕಾಮ ಹಿಂಸೆಯಾಗಿ ತಿರುಗುತ್ತಿದೆ, ಊರೂರುಗಳಲ್ಲಿ ಹೆಂಗಸರ ಕೊಲೆ ನಡೆಯುತ್ತಿದೆ ಎಂಬುದು ಅವನಿಗೆ ತಿಳಿಯುವುದು ಹೆಂಡತಿ ಆನ್ ಬರೆಯುವ ಪತ್ರಗಳಿಂದ, ಅವಳು ಜೊತೆಗಿಟ್ಟು ಕಳಿಸುವ ಸುದ್ದಿಯ ತುಣುಕುಗಳಿಂದ. ಮನೆಗೆ ಮರಳುವ ದಾರಿಯಲ್ಲಿ ಅದೇ ರೋಗ ತನ್ನೊಳಗೂ ಎದ್ದಿರುವುದು ಅವನಿಗೆ ಗೊತ್ತಾಗುತ್ತದೆ. ಕೊನೆಯ ಪುಟಗಳು ಸಂಪೂರ್ಣವಾಗಿ ಆನ್‌ಳ ದನಿಯವು. ಇಲ್ಲಿ ಎರಡು ಕಣ್ಣುಗಳೂ ಇವೆ. ಗಂಡಿನ ಕಣ್ಣಿನಿಂದ ಆರಂಭವಾದ ಕಥೆ ಹೆಣ್ಣಿನ ಕೈಬರಹದಲ್ಲಿ ಮುಗಿಯುತ್ತದೆ. ಟಿಪ್ಟ್ರೀ ಇದನ್ನು ಅರ್ಧ ಮಾತ್ರ ಬರೆಯುತ್ತಿದ್ದನೇನೋ. ಇದಕ್ಕೆ ನೆಬ್ಯುಲಾ ಪ್ರಶಸ್ತಿ ಬಂದದ್ದು ರಕೂನಾ ಶೆಲ್ಡನ್ ಹೆಸರಿಗೆ.

ಆದರೂ ಇಂದು ಈ ಕಥೆಯನ್ನು ಹುಡುಕಿದರೆ ಸಿಗುವುದು ಟಿಪ್ಟ್ರೀ ಪುಸ್ತಕದಲ್ಲಿ. 1981ರ ಸಂಕಲನದಲ್ಲೇ ರಕೂನಾ ಕಥೆಗಳು ಟಿಪ್ಟ್ರೀ ಹೆಸರಿನಡಿ ಸೇರಿಕೊಂಡವು. 1990ರಲ್ಲಿ ಆರ್ಕಮ್ ಹೌಸ್ ಹೊರತಂದ, ಈಗ ಎಲ್ಲರೂ ಓದುವ ಹರ್ ಸ್ಮೋಕ್ ರೋಸ್ ಅಪ್ ಫಾರೆವರ್ ಸಂಕಲನದಲ್ಲಿಯೂ ಅಷ್ಟೇ. ಮಾರುಕಟ್ಟೆಗೆ ಗೊತ್ತಿರುವ ಹೆಸರು ಅದೊಂದೇ ಎಂಬುದು ಅರ್ಥವಾಗುವ ಮಾತು. ಆದರೂ ಗಂಡಸಿನ ಕಲ್ಪಿತ ಹೆಸರು ಹೆಣ್ಣಿನ ಕಲ್ಪಿತ ಹೆಸರನ್ನು ನುಂಗಿದ ರೀತಿ, ಆ ಎರಡನ್ನೂ ಹುಟ್ಟಿಸಿದವರ ಕಥೆಗಳಿಗೇ ವಸ್ತುವಾಗಬಲ್ಲದು. ಪ್ರಶಸ್ತಿಯ ಸಂಗತಿಯೂ ಹೀಗೆಯೇ. 1991ರಲ್ಲಿ ಲಿಂಗದ ಕಲ್ಪನೆಯನ್ನು ಶೋಧಿಸುವ ಕೃತಿಗಳಿಗೆಂದು ಸ್ಥಾಪಿಸಿದ ಪ್ರಶಸ್ತಿಗೆ ಟಿಪ್ಟ್ರೀ ಹೆಸರಿಟ್ಟರು. 1987ರ ಮೇ ತಿಂಗಳಲ್ಲಿ ಆಲಿಸ್ ಶೆಲ್ಡನ್ ಅಸ್ವಸ್ಥರಾಗಿದ್ದ ಪತಿಯನ್ನು ಗುಂಡಿಟ್ಟು ಕೊಂದು ತಾವೂ ಸತ್ತದ್ದರ ಚರ್ಚೆ ಮತ್ತೆ ಎದ್ದಾಗ, 2019ರಲ್ಲಿ ಆ ಹೆಸರನ್ನು ತೆಗೆದು ಅದರ್‌ವೈಸ್ ಪ್ರಶಸ್ತಿ ಎಂದು ಬದಲಿಸಿದರು. ಗೌರವ ಬಂದಾಗ ಅದು ಟಿಪ್ಟ್ರೀಗೆ ಸಂದಿತು, ಹೊಣೆ ಬಂದಾಗ ಅದನ್ನು ಆಲಿಸ್ ಹೊರಬೇಕಾಯಿತು, ರಕೂನಾ ಎರಡೂ ಕಡೆ ಲೆಕ್ಕಕ್ಕಿರಲಿಲ್ಲ.

ಶೆಲ್ಡನ್ ಅವರ ಲೆಕ್ಕದಲ್ಲಿ ಮಾತ್ರ ಆಕೆ ಇದ್ದಳು. 1985ರಲ್ಲಿ ಲಂಡನ್ನಿನ ವಿಮೆನ್ಸ್ ಪ್ರೆಸ್ ಮಹಿಳೆಯರು ಬರೆದ ವಿಜ್ಞಾನ ಕಥೆಗಳ ಸಂಕಲನವೊಂದನ್ನು ತಂದಾಗ ಅವರು ಮೊರಾಲಿಟಿ ಮೀಟ್ ಎಂಬ ಕಥೆಯನ್ನು ಕೊಟ್ಟರು. ಗರ್ಭಪಾತ ನಿಷಿದ್ಧವಾದ ದೇಶದಲ್ಲಿ ಯಾರಿಗೂ ಬೇಡವಾಗಿ ಹುಟ್ಟಿದ ಮಕ್ಕಳು ಏನಾಗುತ್ತವೆ ಎಂಬ ಭಯಂಕರ ಕಥೆ ಅದು. ಅಷ್ಟು ಹೊತ್ತಿಗೆ ಮೂರು ಹೆಸರುಗಳೂ ಒಬ್ಬರವೇ ಎಂಬುದು ಎಲ್ಲರಿಗೂ ಗೊತ್ತಾಗಿ ಎಂಟು ವರ್ಷಗಳಾಗಿದ್ದವು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಟಿಪ್ಟ್ರೀ ಎಂದಿದ್ದರೆ ಪುಸ್ತಕಕ್ಕೆ ಪ್ರಚಾರ ಸಿಗುತ್ತಿತ್ತು, ಆಲಿಸ್ ಎಂದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕಥೆಯ ಕೆಳಗೆ ಅವರು ಹಾಕಿದ್ದು ರಕೂನಾ ಶೆಲ್ಡನ್ ಎಂಬ ಸಹಿಯನ್ನು.